ಕೈ ಎಣಿಸಿದ ರಾತ್ರಿ

ವಿಮಾನ ಹೋಯಿತೆಂದು ಪೋರ್ಟ್-ಒ-ಪ್ರಿನ್ಸ್‌ನ ರೇಡಿಯೋ ಹೇಳಿದ ಬೆಳಗ್ಗೆ
ಫೋಂ-ಸಿತ್ರೋಂನಲ್ಲಿ ಯಾರೂ ಕುಣಿಯಲಿಲ್ಲ, ಮೊದಲು.
ಬಾಗಿಲನ್ನು ಬೆರಳಷ್ಟು ಸರಿಸಿ
ಎದುರುಮನೆಯ ಬಾಗಿಲು ತೆರೆಯಲೆಂದು ಕಾದೆವು.
ಯಾರೋ ಶಂಖ ಊದಿದರು.
ಆಮೇಲೆ ನೋಡಬೇಕಿತ್ತು.

ಬೊಡ್ಡೆ ಕೀಳುವುದು ಎನ್ನುತ್ತಿದ್ದೆವು ಅದಕ್ಕೆ.
ಠಾಣೆಯ ಬಾಗಿಲು ಕಿತ್ತೆವು, ಸೂರಿನ ತಗಡು ಕಿತ್ತೆವು,
ದೊರೆಯ ಹೆಸರು ಕೊರೆದ ಕಲ್ಲು ಕಿತ್ತೆವು.
ಕಲ್ಲಿದ್ದಲ್ಲಿ ಗುಂಡಿ ಉಳಿಯಿತು.
ಅದರಲ್ಲಿ ಏನು ನೆಡಬೇಕೆಂದು
ಯಾರಿಗೂ ತೋಚಲಿಲ್ಲ.
ಮೇ ತಿಂಗಳ ಮಳೆಗೆ ತುಂಬಿಕೊಂಡಿತು;
ನಮಗಿಂತ ಮೊದಲು ಕಪ್ಪೆಗಳು ಸಭೆ ಸೇರಿದವು.

ನಮ್ಮದು ಜೂನಿನಲ್ಲಿ, ಸುಣ್ಣ ಬಳಿದ ಪ್ರಾರ್ಥನಾ ಮಂದಿರದಲ್ಲಿ.
ನನಗೆ ಹನ್ನೊಂದು ವರ್ಷ, ಸೀಮೆಎಣ್ಣೆ ದೀಪ ಹಿಡಿಯುವ ಕೆಲಸ.
ವಿಷಯ: ಒಂದೇ ಒಂದು ನಲ್ಲಿ.
ಮೇಲುಕೇರಿಗೋ, ಕೆಳಕೇರಿಗೋ?
ಮೇಲುಕೇರಿಗೆ ಒಪ್ಪುವವರು? ಕೇಳಿದರು ಅನೆಲ್ಯುಸ್ ಮೇಷ್ಟ್ರು.
ಎಲ್ಲ ಕೈ ಎದ್ದವು.
ಕೆಳಕೇರಿಗೆ?
ಎಲ್ಲ ಕೈ ಎದ್ದವು.
ಇಪ್ಪತ್ತೊಂಬತ್ತು ವರ್ಷ ಕೇಳಿದ್ದಕ್ಕೆಲ್ಲ ಎದ್ದ ಕೈಗಳು,
ಭುಜಕ್ಕೆ ಗೊತ್ತು, ತಲೆಗೆ ಸುದ್ದಿ ಮುಟ್ಟುವುದಿಲ್ಲ.
ಮೇಷ್ಟ್ರು ನಗಲಿಲ್ಲ. ಕನ್ನಡಕ ಒರೆಸಿಕೊಂಡು,
ಮೊದಲು 'ಇಲ್ಲ' ಅನ್ನಲು ಕಲಿಯೋಣ ಅಂದರು.
ಅಭ್ಯಾಸಕ್ಕೊಂದು ಪ್ರಶ್ನೆ: ಸಮುದ್ರದ ನೀರು ಸಿಹಿಯೇ?
ಮುದುಕ ದಿಯೊಸೆಲ್ ಬಾಗಿಲ ಕಡೆ ನೋಡಿ,
ತುಸು ಯೋಚಿಸಿ,
ಕೇಳುತ್ತಿರುವವರು ಯಾರು, ಅಂದ.

ಅಷ್ಟರಲ್ಲಿ ಸಿನೇಯುಸ್ ಬಂದು ಹಿಂದಿನ ಬೆಂಚಿನಲ್ಲಿ ಕೂತ.
ಕಪ್ಪು ಕನ್ನಡಕವಿಲ್ಲದ ಅವನ ಕಣ್ಣು
ನಾವು ಕಂಡದ್ದು ಅವತ್ತೇ: ಸಣ್ಣವು, ಒಂದಕ್ಕೆ ಪೊರೆ.
ನೀಲಿ ಅಂಗಿಯನ್ನು ಹೆಂಡತಿ ಕಾಫಿ ಕಷಾಯದಲ್ಲಿ ಅದ್ದಿ
ಕಂದು ಮಾಡಿದ್ದಳು, ಹೊಲಿಗೆಯಲ್ಲಿ ನೀಲಿ ಇಣುಕುತ್ತಿತ್ತು.
ಎಳೆದು ಹಾಕಿ ಹೊರಗೆ! ಅಂದರು ಯಾರೋ.
ಮಚ್ಚು ಎಲ್ಲಿ, ಅಂದರು ಇನ್ಯಾರೋ, ಮೆಲ್ಲಗೆ.
ಅವನು ಏಳಲಿಲ್ಲ. ನಾನೂ ಕೆಳಕೇರಿಯವನು, ಅಂದ.

ಎಣಿಸುವವಳು ಉಪ್ಪು ಮಾರುವ ಎಕ್ಸಿಲಿಯಾ,
ಅವಳ ಲೆಕ್ಕ ತಪ್ಪಿದ್ದನ್ನು ಸಂತೆಯಲ್ಲಿ ಯಾರೂ ಕಂಡಿಲ್ಲ.
ಅವಳ ಗಂಡ ಮೆರಿಲ್ಯುಸ್‌ನನ್ನು ಜೀಪಿಗೆ ಹತ್ತಿಸಿದವನು ಇದೇ ಸಿನೇಯುಸ್.
ಮರಳಿ ಏನೂ ಬರಲಿಲ್ಲ, ಟೋಪಿಯೂ.
ಎತ್ತಿದ ಒಂದೊಂದು ಮಣಿಕಟ್ಟನ್ನೂ ಮುಟ್ಟುತ್ತ
ಸೋರೆಬುರುಡೆಗೆ ಒಂದೊಂದು ಜೋಳದ ಕಾಳು ಹಾಕುತ್ತ ಬಂದಳು.
ಕೊನೆಯ ಕೈಯ ಮುಂದೆ ನಿಂತಳು.
ದೀಪದ ಗಾಜಿಗೆ ಒಂದು ಪತಂಗ ಬಡಿದುಕೊಳ್ಳುತ್ತಿತ್ತು.
ಆ ಮಣಿಕಟ್ಟನ್ನು ಅವಳು ಮುಟ್ಟಲಿಲ್ಲ.
ಇಪ್ಪತ್ತಮೂರು, ಅಂದಳು.
ಕಾಳು ಬಿದ್ದ ಸದ್ದು ಎಲ್ಲರಿಗೂ ಕೇಳಿತು.

ಮೇಲುಕೇರಿಗೆ ಇಪ್ಪತ್ತೆರಡು.
ಎಕ್ಸಿಲಿಯಾಳ ಮನೆ ಮೇಲುಕೇರಿ.
ಅಲ್ಲಿಂದಾಚೆ ದಿನಾ ಎರಡು ಸಲ
ತಲೆಯ ಮೇಲೆ ಬಕೆಟ್ಟು ಹೊತ್ತು
ಅವನ ಬಾಗಿಲ ಮುಂದಿನಿಂದಲೇ ಬೆಟ್ಟ ಹತ್ತಿದಳು.

ಮರುವರ್ಷ ನವೆಂಬರಿನಲ್ಲಿ ದೇಶದ ಎಣಿಕೆ.
ಮಸುಕಿನಲ್ಲೇ ಸಾಲು ನಿಂತೆವು, ಹಬ್ಬದ ಬಟ್ಟೆ ತೊಟ್ಟು.
ಏಳೂವರೆಗೆ ದೀಪ ಆರಿಸಿದ ಜೀಪು ಬಂತು.
ಸಾಲಿನಲ್ಲಿ ಮೂರನೆಯವರಾಗಿದ್ದ ಮೇಷ್ಟ್ರು
ಸಾಲಿನಲ್ಲೇ ಉಳಿದರು.
ಪೆಟ್ಟಿಗೆ ಉರಿಯಿತು; ಚೀಟಿಯ ಮೇಲಿನ ಹುಂಜ, ಮೇಜು, ಗುದ್ದಲಿ
ಕರಿಬೂದಿಯಾಗಿ ಮಾವಿನ ಮರದ ಮೇಲೆ ಹಾರಿದವು.
ಸಿನೇಯುಸ್ ಜೀಪಿನಲ್ಲಿದ್ದ ಎನ್ನುವವರಿದ್ದಾರೆ,
ಮಂಚದಡಿ ನಡುಗುತ್ತಿದ್ದ ಎನ್ನುವವರೂ.
ನನಗೆ ಈಗಲೂ ಗೊತ್ತಿಲ್ಲ.

ಅವನನ್ನು ಯಾಕೆ ಎಣಿಸಿದೆ? ಕೇಳಿದೆ ಒಮ್ಮೆ, ದೊಡ್ಡವನಾದ ಮೇಲೆ.
ಬಿಟ್ಟಿದ್ದರೆ ಸಮಸಮ, ಮತ್ತೆ ಸಭೆ,
ನನಗೆ ಬೆಳಗಾದರೆ ಉಪ್ಪಿಗೆ ಹೋಗಬೇಕಿತ್ತು, ಅಂದಳು.
ಇನ್ನೊಂದು ದಿನ, ಕೇಳದೆಯೇ,
ಕಾಳು ಕೈಜಾರಿತು, ಅಂದಳು.

ಆ ಡಿಸೆಂಬರಿನಲ್ಲಿ ಮತ್ತೆ ಸೇರಿದ್ದೆವು.
ಹದಿಮೂರು ಜನ, ಕಿಟಕಿಗೆ ಗೋಣಿ ಕಟ್ಟಿ.
ವಿಷಯ: ನಲ್ಲಿ ಸೋರುತ್ತಿದೆ, ಹೊಸ ವಾಷರಿಗೆ ತಲೆಗಿಷ್ಟು ಕೊಡೋಣವೇ?
ಹಿಂದಿನ ಕತ್ತಲಲ್ಲಿ ಒಂದು ದನಿ
ಬೇಡ, ಅಂದಿತು.
ಯಾರೆಂದು ತಿಳಿಯಲು ದೀಪ ಎತ್ತಬಹುದಿತ್ತು.
ಎಣ್ಣೆಯೂ ಇತ್ತು.
ಎತ್ತಲಿಲ್ಲ.